ಸುಲ್ತಾನನ ಜಾಗಕ್ಕೆ ಸ್ವೀಟಿ

ನಮ್ಮ ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಅರೆಯಲ್ಲಿ ಒಂದು ಸರಪಳಿ ಬಿದ್ದಿದೆ. ನೋಡಿದವರು ಎಮ್ಮೆ ಕಟ್ಟುವುದು ಎಂದುಕೊಳ್ಳುತ್ತಾರೆ. ತಪ್ಪೇನಿಲ್ಲ, ಎಮ್ಮೆ ಕಟ್ಟುವುದೇ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಗ್ಗ, ಮೂಗುದಾರ ಮಾರುವ ಸಾಹೇಬರ ಅಂಗಡಿಯಿಂದ ತಂದದ್ದು. ನಾಯಿಗೆಂದೇ ಮಾರುವ ಸರಪಳಿಗಳನ್ನೆಲ್ಲ ನನ್ನ ನಾಯಿಗಳು ಒಂದೊಂದಾಗಿ ಕಿತ್ತು ಹಾಕಿದ ಮೇಲೆ ಸಾಹೇಬರೇ ಒಳಗಿನಿಂದ ಇದನ್ನು ಹೊತ್ತು ತಂದು, "ಇದು ತಗೊಳಿ ಟೀಚರಮ್ಮ, ಇದನ್ನೂ ಕಿತ್ರೆ ಅದು ನಾಯಿ ಅಲ್ಲ, ಬೇರೆ ಏನೋ" ಎಂದು ಕೊಟ್ಟಿದ್ದರು. ಕೆಲವು ತಿಂಗಳ ಹಿಂದೆ ಅದೇ ಅಂಗಡಿಗೆ ಹೋಗಿ ಹೊಸ ನಾಯಿಗೆ ಬೆಲ್ಟು ಕೇಳಿದೆ. ಕುತ್ತಿಗೆಯ ಅಳತೆ ಎಷ್ಟು ಎಂದರು. ನಾನು ಎರಡೂ ಕೈಯ ಬೆರಳು ಜೋಡಿಸಿ ಒಂದು ಬಳೆಯಷ್ಟು ಅಗಲ ತೋರಿಸಿದೆ.

ಸಾಹೇಬರು ಕನ್ನಡಕ ಹಣೆಗೇರಿಸಿ ನನ್ನ ಕೈಯನ್ನೂ ಮುಖವನ್ನೂ ನೋಡಿದರು. "ಮೇಕೆ ಮರಿ ತಂದ್ರಾ?"

"ನಾಯಿ."

"ನಾಯೀನಾ! ಅರೆ, ನಿಮ್ ತಬಿಯತ್ತು ಸರಿ ಇದೆ ತಾನೇ ಟೀಚರಮ್ಮ?"

ನನಗೆ ಮೈ ಉರಿದುಹೋಯಿತು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಉರಿದದ್ದು. ನಾಯಿ ಚಿಕ್ಕದಾಯಿತು ಎಂದರೆ ಟೀಚರಮ್ಮನಿಗೆ ವಯಸ್ಸಾಯಿತು ಎಂದೇ ಲೆಕ್ಕ. ಪುಣ್ಯಾತ್ಮರು ಆ ಮಾತನ್ನು ಆಡಲಿಲ್ಲ, ಪುಟ್ಟ ಬೆಲ್ಟುಗಳ ಡಬ್ಬಿ ತೆಗೆದು ಮುಂದಿಟ್ಟರು. ಇದ್ದದ್ದೆಲ್ಲ ಗುಲಾಬಿ ಬಣ್ಣದವು.

ನಿಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನೀವು ನನ್ನ ಅಪ್ಪನ ಸಾಮಿಲ್ಲು ನೋಡಿದವರಲ್ಲ. ಭದ್ರಾವತಿಯಲ್ಲಿ ಅಪ್ಪ ಮರ ಕೊಯ್ಯುವ ಮಿಲ್ಲು ಇಟ್ಟಿದ್ದರು. ದಿಮ್ಮಿ ಕಾಯಲು ಅಲ್ಲಿ ಯಾವಾಗಲೂ ದೊಡ್ಡ ನಾಯಿಗಳಿರುತ್ತಿದ್ದವು. ಅವು ಯಾವ ಜಾತಿಯವೆಂದು ಅಪ್ಪನಿಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. "ನಾಯಿ ಬಾಗಿಲಿಗೆ ಅಡ್ಡ ಮಲಗಿದ್ರೆ ಹೊಸ್ತಿಲು ಕಾಣಬಾರದು" ಎಂಬುದೊಂದೇ ಅವರ ಅಳತೆ. ನಾನು ಅಂಬೆಗಾಲು ಬಿಟ್ಟು ಮೊದಲು ಎದ್ದು ನಿಂತದ್ದು ಅಂಥದೊಂದು ನಾಯಿಯ ಕಿವಿ ಹಿಡಿದುಕೊಂಡೇ ಎಂದು ಅಮ್ಮ ಹೇಳುತ್ತಿದ್ದಳು. ಅವುಗಳ ಬೆನ್ನಿನ ಮೇಲೆ ಸದಾ ಮರದ ಹೊಟ್ಟು ಕೂತಿರುತ್ತಿತ್ತು. ತೇಗ ಕೊಯ್ದ ದಿನ ಒಂದು ವಾಸನೆ, ನಂದಿ ಕೊಯ್ದ ದಿನ ಇನ್ನೊಂದು. ಈಗಲೂ ಬಡಗಿ ಕೆಲಸ ನಡೆಯುವ ಮನೆಯ ಮುಂದೆ ಹಾದರೆ ನನಗೆ ಮರ ನೆನಪಾಗುವುದಿಲ್ಲ, ನಾಯಿ ನೆನಪಾಗುತ್ತದೆ.

ಮದುವೆಯಾಗಿ ಅದೇ ಊರಿನ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದಾಗ ನಮ್ಮವರಿಗೆ ನಾನು ಹಾಕಿದ ಷರತ್ತು ಒಂದೇ, ನಾಯಿ ಬೇಕು. ಅವರು ಒಪ್ಪಿದರು, ಆದರೆ ತಮ್ಮದೂ ಒಂದು ಷರತ್ತು ಸೇರಿಸಿದರು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಒಲೆಯ ಮೇಲೆ ಮಾಂಸ ಏರುವ ಹಾಗಿಲ್ಲ. ಮೊಸರನ್ನ ತಿಂದು ಹೊಸ್ತಿಲು ಮುಚ್ಚುವಷ್ಟು ನಾಯಿ ಬೆಳೆಯುವುದಾದರೂ ಹೇಗೆ? ದಾರಿ ತೋರಿಸಿದವಳು ಪಕ್ಕದ ಮನೆಯ ಸೆಲ್ವಿ ಅಕ್ಕ. ಅವಳ ಗಂಡ ನಮ್ಮವರ ಜೊತೆ ಕಾರ್ಖಾನೆಯ ಒಂದೇ ವಿಭಾಗದಲ್ಲಿದ್ದವರು. ತಮಿಳುನಾಡಿನ ತಮ್ಮ ಊರಿಂದ ನನಗೊಂದು ರಾಜಪಾಳ್ಯಂ ಜಾತಿಯ ಬಿಳಿಯ ಮರಿ ತಂದುಕೊಟ್ಟವರೂ ಅವರೇ. ಭೀಮ ಎಂದು ಹೆಸರಿಟ್ಟೆ. ಭೀಮನ ಮೂಳೆ ಅನ್ನ ಸೆಲ್ವಿ ಅಕ್ಕನ ಹಿತ್ತಲಿನ ಒಲೆಯಲ್ಲಿ ಅರಿಸಿನ ಹಾಕಿಕೊಂಡು ಬೇಯುತ್ತಿತ್ತು, ಕಾಂಪೌಂಡಿನ ಮೇಲಿಂದ ನಮ್ಮ ಕಡೆಗೆ ಇಳಿಯುತ್ತಿತ್ತು. ಅದೇ ಪಾತ್ರೆ ತೊಳೆದು, ಹೋಳಿಗೆಯನ್ನೋ ನುಚ್ಚಿನುಂಡೆಯನ್ನೋ ತುಂಬಿ ನಾನು ಆಚೆಗೆ ದಾಟಿಸುತ್ತಿದ್ದೆ. ನಾಯಿ ಒಂದು ಮನೆಯದು, ಅದರ ಒಲೆ ಇನ್ನೊಂದು ಮನೆಯದು. ಈ ಏರ್ಪಾಡು ವರ್ಷಗಟ್ಟಲೆ ನಡೆಯಿತು, ಒಂದು ದಿನವೂ ಜಗಳವಾಗಲಿಲ್ಲ.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದೆ. ನಾಯಿಗಳಿಗೆ ಇಂಗ್ಲಿಷಿನಲ್ಲಿ ಆಜ್ಞೆ ಕೊಡಬೇಕೆಂದು ಆಮೇಲೆ ಯಾರೋ ಹೇಳಿದರು, ಆದರೆ ನನ್ನ ಬಾಯಲ್ಲಿ ಇದ್ದದ್ದು "ಸಾವಧಾನ್", "ವಿಶ್ರಾಮ್". ಭೀಮ ಅದನ್ನೇ ಕಲಿತ. ಸಾವಧಾನ್ ಎಂದರೆ ನಾಲ್ಕೂ ಕಾಲು ಊರಿ ಕಲ್ಲಿನಂತೆ ನಿಲ್ಲುವನು, ವಿಶ್ರಾಮ್ ಎಂದರೆ ಕೂರುವನು. ಜನವರಿಯಲ್ಲಿ ಪೆರೇಡ್ ಅಭ್ಯಾಸ ನಡೆಯುವಾಗ ತಪ್ಪಿಸಿಕೊಂಡು ಮೈದಾನಕ್ಕೆ ಬಂದು ಎಂಟನೇ ಕ್ಲಾಸಿನ ಸಾಲಿನ ಕೊನೆಗೆ ನಿಲ್ಲುತ್ತಿದ್ದ. "ಗಿರಿಜಾ ಮೇಡಂ, ನಿಮ್ ನಾಯಿನ ಮಾನಿಟರ್ ಮಾಡ್ಬಿಡಿ, ಈ ಹುಡುಗೀರಿಗಿಂತ ನೆಟ್ಟಗೆ ನಿಲ್ಲುತ್ತೆ" ಎಂದು ಹೆಡ್‌ಮಿಸ್ ಒಂದು ಸಲ ಸಿಟ್ಟಿನಿಂದಲೇ ಹೇಳಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಭೀಮನ ನಂತರ ಒಂದರ ಹಿಂದೊಂದು ಬಂದವು, ಹೋದವು. ಎಲ್ಲವೂ ದೊಡ್ಡವೇ. ಕೊನೆಯವನು ಸುಲ್ತಾನ್, ಅಲ್ಸೇಶಿಯನ್. ಅಷ್ಟರಲ್ಲಿ ಇಬ್ಬರೂ ರಿಟೈರಾಗಿ ಶಿವಮೊಗ್ಗದ ಗೋಪಾಳದಲ್ಲಿ ಮನೆ ಕಟ್ಟಿಸಿ, ಕೆಳಗೆ ಬಾಡಿಗೆಗೆ ಕೊಟ್ಟು ಮೇಲೆ ಇದ್ದೆವು. ಬೆಳಗ್ಗೆ ನಾನು ಸುಲ್ತಾನನ ಜೊತೆ ಹೊರಟರೆ ವಾಕಿಂಗ್ ಬಂದವರೆಲ್ಲ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದರು. ಅದು ನನಗೆ ಬಹಳ ಇಷ್ಟವಾಗುತ್ತಿತ್ತು. ನಾಯಿ ಟೀಚರ್ ಎಂದು ಬೆನ್ನ ಹಿಂದೆ ಕರೆಯುತ್ತಾರೆ ಎಂದು ತಿಳಿದಾಗಲೂ ಬೇಸರವಾಗಲಿಲ್ಲ.

ಊರ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದಾಗ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ವಿಮಾನ ನೋಡಲು ಹೋಯಿತು. ನಾವೂ ಹೋದೆವು. ವ್ಯತ್ಯಾಸ ಇಷ್ಟೇ, ಎಲ್ಲರೂ ಮಕ್ಕಳನ್ನು ಕರೆದುಕೊಂಡು ಹೋದರೆ ನಾನು ಸುಲ್ತಾನನನ್ನು ಕರೆದುಕೊಂಡು ಹೋದೆ. ರಸ್ತೆ ಬದಿಯಲ್ಲಿ ನಿಂತಿದ್ದೆವು. ವಿಮಾನ ತಲೆಯ ಮೇಲೆಯೇ ಇಳಿಯಿತು, ಸುಲ್ತಾನ್ ಹೊಲದ ಕಡೆ ಚಿಮ್ಮಿದ. ಬುದ್ಧಿ ಇದ್ದವರು ಸರಪಳಿ ಬಿಡುತ್ತಿದ್ದರು. ಆದರೆ ನಾನು ಹಗ್ಗಜಗ್ಗಾಟ ಕಲಿಸಿದವಳು. ಸತ್ತರೂ ಹಗ್ಗ ಬಿಡಬೇಡಿ, ಮಣಿಕಟ್ಟಿಗೆ ಸುತ್ತಿ, ಹಿಮ್ಮಡಿ ಊರಿ ಎಂದು ತಲೆಮಾರುಗಟ್ಟಲೆ ಹುಡುಗಿಯರಿಗೆ ಹೇಳಿಕೊಟ್ಟ ಬಾಯಿ ಇದು. ಸುತ್ತಿದೆ, ಊರಿದೆ, ಬಿಡಲಿಲ್ಲ. ಶಿವಮೊಗ್ಗದ ಅರ್ಧ ಜನ ಅವತ್ತು ವಿಮಾನ ಬಿಟ್ಟು ನನ್ನನ್ನು ನೋಡಿದರು. ಬಲ ಭುಜ ಅಂದು ಕೈಕೊಟ್ಟದ್ದು ಈವರೆಗೂ ಪೂರ್ತಿ ಸರಿಹೋಗಿಲ್ಲ.

ಕಳೆದ ವರ್ಷ ಸುಲ್ತಾನ್ ಕಾಯಿಲೆ ಬಿದ್ದ. ಕೊನೆಕೊನೆಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಅವನನ್ನು ಮಗ್ಗುಲು ಬದಲಿಸಿ ಮಲಗಿಸಲು ನಾವಿಬ್ಬರೂ ಸೇರಿದರೂ ಸಾಲದು, ಬಾಡಿಗೆಯವರನ್ನು ಕೂಗಬೇಕಿತ್ತು. ಅವನಿಗೆ ನಾಚಿಕೆಯಾಗುತ್ತಿತ್ತೋ ಏನೋ, ಎತ್ತುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ. ಅವನು ಹೋದ ಮೇಲೆ ನಾನು ಅತ್ತೆ, ಸುಳ್ಳೇಕೆ ಹೇಳಲಿ. ಅಳು ನಿಂತ ಮೇಲೆ, ಇನ್ನೊಂದು ಅಲ್ಸೇಶಿಯನ್ ಮರಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸತೊಡಗಿದೆ. ಮೂಳೆ ಡಾಕ್ಟರೂ ನಮ್ಮವರೂ ಒಂದಾಗಿ ಬಾಗಿಲು ಹಾಕಿಬಿಟ್ಟರು.

"ದೊಡ್ಡ ನಾಯಿ ಇನ್ ಬೇಡ ಮಾರಾಯ್ತಿ. ನಿನ್ನೇ ಹಿಡಿಯೋಕೆ ಇನ್ನೊಬ್ರು ಬೇಕು ಈಗ" ಎಂದರು ನಮ್ಮವರು.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಒಂದು ಸಂಜೆ ತರಕಾರಿ ಬ್ಯಾಗಿನಲ್ಲಿ ಏನನ್ನೋ ತಂದು ನಡುಮನೆಯಲ್ಲಿ ಇಳಿಸಿದರು. ಗಜ ಉದ್ದ, ಗೇಣು ಎತ್ತರ. ಕಂದು ಬಣ್ಣ, ಜೋತುಬಿದ್ದ ಕಿವಿ, ಕಾಲು ಹಚ್ಚುವುದನ್ನು ಮರೆತು ಹೊಟ್ಟೆಯನ್ನೇ ನೆಲಕ್ಕಿಟ್ಟ ಹಾಗೆ. ಡ್ಯಾಶಂಡ್ ಜಾತಿಯಂತೆ. ವಿನೋಬನಗರದ ಅವರ ಸ್ನೇಹಿತರಿಗೆ ವರ್ಗವಾಗಿ, ಸಾಕಲಾಗದೆ ಕೊಟ್ಟರಂತೆ. ಸ್ವೀಟಿ ಎಂದು ಹೆಸರು, ಬದಲಾಯಿಸಬೇಡಿ ಎಂದು ಬೇರೆ ಹೇಳಿ ಕಳಿಸಿದ್ದರಂತೆ. ನಾನು ಬಗ್ಗಿ ಅದರ ಕಣ್ಣಲ್ಲಿ ಕಣ್ಣಿಟ್ಟು "ಸಾವಧಾನ್" ಎಂದೆ. ಅದು ಅಂಗಾತ ಬಿದ್ದು ಹೊಟ್ಟೆ ತೋರಿಸಿತು.

ಈಗ ಹೇಳಿ, ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುವ ಗಂಟಲು ನನ್ನದು. ಸುಲ್ತಾನ್ ಎಂದು ಕೂಗಿದರೆ ಆ ಹೆಸರಿಗೊಂದು ತೂಕವಿತ್ತು. ಬೆಳ್ಳಂಬೆಳಗ್ಗೆ ಗೋಪಾಳದ ಬೀದಿಯಲ್ಲಿ ನಿಂತು "ಸ್ವೀಟೀ" ಎಂದು ಕೂಗುವುದು ಹೇಗೆ? ಮೊದಲ ಸಲ ಕೂಗಿದಾಗ ಎದುರು ಮನೆಯ ಯಜಮಾನರು ಪೇಪರ್ ಕೆಳಗಿಳಿಸಿ ನೋಡಿದರು. ಸ್ವೀಟಿ ನೋಡಲಿಲ್ಲ. ಕರೆದರೆ ಬರುವ ಪದ್ಧತಿ ಅದರ ವಂಶದಲ್ಲೇ ಇದ್ದಂತಿಲ್ಲ.

ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತಾರಲ್ಲ, ಅವರನ್ನು ಒಂದು ದಿನ ನಮ್ಮನೆಗೆ ಕಳಿಸಿ. ಇದು ಎರಡನ್ನೂ ಮಾಡುತ್ತದೆ. ಹಾಲಿನವನಿಗೆ ಬೊಗಳುತ್ತದೆ, ಕುಕ್ಕರ್ ವಿಷಲ್ಲಿಗೆ ಬೊಗಳುತ್ತದೆ, ಫ್ಯಾನು ಹಾಕಿದರೆ ಫ್ಯಾನಿಗೆ ಬೊಗಳುತ್ತದೆ. ನನ್ನ ದಾಸವಾಳದ ಕುಂಡಗಳನ್ನೆಲ್ಲ ಕೆದರಿ ಮಣ್ಣು ಮೂಗಿಗೆ ಬಳಿದುಕೊಂಡು ಬರುತ್ತದೆ. ತುಪ್ಪವಿಲ್ಲದ ಅನ್ನ ಮೂಸುವುದಿಲ್ಲ. ನಮ್ಮವರು ಬೆಳಗ್ಗೆ ಲಿಂಗಪೂಜೆಗೆ ಕೂತರೆ ಮಾತ್ರ ಮಹಾ ಸಾಧ್ವಿಯಂತೆ ಪಕ್ಕದಲ್ಲಿ ಕೂರುತ್ತದೆ, ನೈವೇದ್ಯದ ಬಾಳೆಹಣ್ಣಿನ ಮೇಲೆ ಕಣ್ಣಿಟ್ಟು. ಅವರು ಅದರ ಹಣೆಗೂ ಒಂದು ಚೂರು ವಿಭೂತಿ ಹಚ್ಚಿ, "ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು" ಎಂದು ನನ್ನ ಕಡೆ ನೋಡಿ ನಗುತ್ತಾರೆ. ಸುಲ್ತಾನನ ಹತ್ತಿರ ಹೋಗಲು ಹೆದರುತ್ತಿದ್ದ ಮನುಷ್ಯ ಇವರು!

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಮೆಟ್ಟಿಲಿನದು. ಇಂಜೆಕ್ಷನ್ ಹಾಕಿಸಲು ಕರೆದುಕೊಂಡು ಹೋದಾಗ ನಾಯಿ ಡಾಕ್ಟರು, "ಈ ಜಾತಿಗೆ ಬೆನ್ನು ವೀಕು ಮೇಡಂ, ಮೆಟ್ಲು ಹತ್ತಿ ಇಳಿಸಬೇಡಿ, ಎತ್ಕೊಂಡೇ ಹೋಗಿ" ಎಂದರು. ನಾವಿರುವುದು ಮಹಡಿಯ ಮೇಲೆ. ನನ್ನ ಭುಜಕ್ಕೆ ತ್ರಾಸವಾಗಬಾರದೆಂದು ತಂದ ನಾಯಿಯನ್ನು ನಾನು ದಿನಕ್ಕೆ ಎಷ್ಟೋ ಸಲ ಎಡಗೈಯಲ್ಲಿ ಅವುಚಿಕೊಂಡು ಹತ್ತಿ ಇಳಿಯಬೇಕು! ಸುಲ್ತಾನ್ ಜೀವಮಾನವಿಡೀ ತನ್ನ ಕಾಲ ಮೇಲೆ ಓಡಾಡಿದ, ನಾನು ಅವನ ಹಿಂದೆ ಓಡಿದೆ. ಇದು ಮೆಟ್ಟಿಲ ಬುಡದಲ್ಲಿ ಕೂತು, ಆಟೋ ಕರೆಯುವವರ ಹಾಗೆ ನನ್ನ ಕಡೆ ಒಂದು ಸಲ ಕೂಗುತ್ತದೆ.

ವಾಕಿಂಗ್ ಹೊರಟರೆ ಈಗ ಯಾರೂ ಆಚೆ ಬದಿಗೆ ಸರಿಯುವುದಿಲ್ಲ. ಎಲ್ಲರೂ ಈಚೆ ಬದಿಗೇ ಬರುತ್ತಾರೆ. "ಅಯ್ಯೋ ಎಷ್ಟ್ ಮುದ್ದಾಗಿದೆ" ಎಂದು ಬಗ್ಗುತ್ತಾರೆ. ಬೀದಿನಾಯಿಗಳು ಕಂಡರೆ ಸ್ವೀಟಿಯೇ ಮೊದಲು ಅವುಗಳ ವಂಶವನ್ನೆಲ್ಲ ಎತ್ತಾಡುವಂತೆ ಬೊಗಳಿ, ಅವು ತಿರುಗಿ ಬಂದಾಗ ನನ್ನ ಸೀರೆಯ ನೆರಿಗೆಯೊಳಗೆ ನುಗ್ಗುತ್ತದೆ. ಜಗಳ ತೆಗೆಯುವುದು ಅದು, ಕಲ್ಲು ಹುಡುಕುವುದು ನಾನು. ಇಂಥ ಮರ್ಯಾದೆಗೇಡು ನನ್ನ ಸರ್ವಿಸಿನಲ್ಲೇ ಆಗಿರಲಿಲ್ಲ.

ಈ ದುಃಖವನ್ನೆಲ್ಲ ನಾನು ಫೋನಿನಲ್ಲಿ ತೋಡಿಕೊಳ್ಳುತ್ತಿದ್ದದ್ದು ಸೆಲ್ವಿ ಅಕ್ಕನ ಹತ್ತಿರ. ಗಂಡ ತೀರಿಕೊಂಡ ಮೇಲೂ ಅವಳು ಊರಿಗೆ ಹೋಗಲಿಲ್ಲ, ಭದ್ರಾವತಿಯಲ್ಲೇ ಮಗ, ಸೊಸೆ ಕವಿತಾಳ ಜೊತೆ ಇದ್ದಾಳೆ. ಹೋದ ವಾರ ಅವಳೇ ಫೋನು ಮಾಡಿದಳು. "ಟೀಚರ್, ನಮ್ಮೂರಿಂದ ಮರಿ ಬಂದಿದೆ. ರಾಜಪಾಳ್ಯಂ. ಬೆಳ್ಳಗೆ, ನಿಮ್ ಭೀಮನ ತರಾನೇ. ನಿಮಗೇ ಅಂತ ಇಟ್ಟಿದೀನಿ. ನಿಮ್ಮ ಆ ಚಿಕ್ಕದನ್ನ ನಮ್ ಕವಿತಾಗೆ ಕೊಟ್ಬಿಡಿ, ಅವಳಿಗೆ ಅಂಥದೇ ಆಸೆ."

ಇನ್ನೊಂದು ದೊಡ್ಡ ನಾಯಿ! ನನಗೆ ವಯಸ್ಸಾಗಿಲ್ಲ ಎಂದು ಗಾಂಧಿ ಬಜಾರಿನಿಂದ ಗೋಪಾಳದವರೆಗೆ ಎಲ್ಲರಿಗೂ ತೋರಿಸಬಹುದು. ಡಾಕ್ಟರು ಏನು ಬೇಕಾದರೂ ಹೇಳಲಿ, ಭುಜ ನನ್ನದು. ನಮ್ಮವರಿಗೆ ಹೇಳಿದೆ. "ನಿನ್ನಿಷ್ಟ ಮಾರಾಯ್ತಿ" ಎಂದು ಒಳಗೆ ಹೋದರು. ಮಾರನೆಯ ದಿನ ಬಸ್‌ಸ್ಟ್ಯಾಂಡಿಗೆ ಬಿಡಲೂ ಬರಲಿಲ್ಲ.

ಸ್ವೀಟಿಯನ್ನು ಬ್ಯಾಗಿನಲ್ಲಿ ಕೂರಿಸಿ ಭದ್ರಾವತಿಯ ಪ್ರೈವೇಟ್ ಬಸ್ಸು ಹತ್ತಿದೆ. ಕಂಡಕ್ಟರ್ ಬಂದ. "ಅಜ್ಜೀ, ಬ್ಯಾಗಲ್ಲಿ ಏನದು ಅಲ್ಲಾಡ್ತಿರೋದು?"

ಅಜ್ಜಿಯಂತೆ. "ನಾಯಿ" ಎಂದೆ.

"ಕಚ್ಚುತ್ತಾ?"

"ಯಾರನ್ನ ಕಚ್ಚಬೇಕು ಹೇಳು."

ಅವನು ಟಿಕೆಟ್ಟು ಹರಿದು ಕೊಟ್ಟು ದೂರದಿಂದಲೇ ಮುಂದೆ ಹೋದ. ದಾರಿಯುದ್ದಕ್ಕೂ ಸ್ವೀಟಿ ಬ್ಯಾಗಿನಿಂದ ಮೂತಿ ಹೊರಹಾಕಿ ಕಿಟಕಿಯ ಗಾಳಿ ಕುಡಿಯುತ್ತಿತ್ತು. ಎಲ್ಲಿಗೆ ಹೋಗುತ್ತಿದ್ದೇವೆಂಬ ಚಿಂತೆ ಅದಕ್ಕಿರಲಿಲ್ಲ. ಆ ಚಿಂತೆ ನನಗೂ ಇಲ್ಲ ಎಂದು ನಾನು ಹೇಳಿಕೊಳ್ಳುತ್ತಿದ್ದೆ.

ಸೆಲ್ವಿ ಅಕ್ಕ ಗೇಟಿನಲ್ಲೇ ಕಾಯುತ್ತಿದ್ದಳು. "ಮುರುಗಾ, ಎಷ್ಟ್ ಇಳಿದ್ಹೋಗಿದೀರ ಟೀಚರ್" ಎಂದು ಕೈ ಹಿಡಿದುಕೊಂಡಳು. ಹಿತ್ತಲಿನಲ್ಲಿ ಮರಿಯಿತ್ತು. ಮರಿ ಎಂದರೆ ಹೆಸರಿಗೆ, ಆಗಲೇ ಸ್ವೀಟಿಗಿಂತ ಎತ್ತರವಿತ್ತು. ಬಿಳಿ ಮೈ, ಗುಲಾಬಿ ಮೂಗು, ಮೈಗಿಂತ ದೊಡ್ಡ ಪಾದ. ನಾನು ಯಾಕೋ ಮೆಲ್ಲಗೆ "ಸಾವಧಾನ್" ಎಂದೆ. ಅದು ಕಿವಿ ನೆಟ್ಟಗೆ ಮಾಡಿ ನನ್ನನ್ನೇ ನೋಡುತ್ತ ನಿಂತಿತು. ಅದಕ್ಕೆ ಅರ್ಥವೇನೂ ಆಗಿರಲಿಲ್ಲ, ಆದರೂ ನನ್ನ ಕಣ್ಣಲ್ಲಿ ನೀರು ಬಂತು.

ಎತ್ತಿಕೊಳ್ಳಲು ಬಗ್ಗಿದೆ. ಎರಡೂ ಕೈ ಹೊಟ್ಟೆಯ ಕೆಳಗೆ ಹಾಕಿ ಎತ್ತಿದೆ. ಸೊಂಟದ ಮಟ್ಟಕ್ಕೆ ಬರುವಷ್ಟರಲ್ಲಿ ಬಲಗೈ ತಾನಾಗಿ ಬಿಚ್ಚಿಕೊಂಡಿತು. ಮರಿ ನನ್ನ ಸೀರೆಯ ಮೇಲೆ ಜಾರಿ ನೆಲಕ್ಕೆ ಬಿತ್ತು. ಅದಕ್ಕೇನೂ ಆಗಲಿಲ್ಲ, ಮೈ ಕೊಡವಿಕೊಂಡು ಮತ್ತೆ ಬಾಲ ಅಲ್ಲಾಡಿಸಿತು. ಸೆಲ್ವಿ ಅಕ್ಕ ನೋಡದವಳಂತೆ ಕಾಫಿ ತರುತ್ತೇನೆಂದು ಒಳಗೆ ಹೋದಳು. ಮರಿಯನ್ನೇ ಎತ್ತಲಾಗದವಳು ಇದು ಮುದಿಯಾದಾಗ ಏನು ಮಾಡುತ್ತೇನೆ? ಮುಖ ತಿರುಗಿಸಿಕೊಂಡ ಸುಲ್ತಾನ್ ಕಣ್ಣ ಮುಂದೆ ಬಂದ. ನನಗೆ ಭುಜದ ಮೇಲೆ, ವಯಸ್ಸಿನ ಮೇಲೆ, ಡಾಕ್ಟರು ಹೇಳಿದ್ದೇ ಸರಿಯಾಯಿತಲ್ಲ ಎಂಬುದರ ಮೇಲೆ ತಡೆಯಲಾರದ ಸಿಟ್ಟು ಬಂತು.

ಕಾಫಿ ಕುಡಿಯುತ್ತ, "ಮರಿ ಬೇಡ ಸೆಲ್ವಿ ಅಕ್ಕ" ಎಂದೆ.

ಅಡುಗೆಮನೆಯ ಬಾಗಿಲಲ್ಲಿ ಸೊಸೆ ಕವಿತಾ ಕೂತಿದ್ದಳು. ತೊಡೆಯ ಮೇಲೆ ಸ್ವೀಟಿ. ಕವಿತಾ ಬೇಯಿಸಿದ ಕೋಳಿಯ ಚೂರು ಬಿಡಿಸಿ ಬಿಡಿಸಿ ಕೊಡುತ್ತಿದ್ದಳು. ನಮ್ಮ ಮನೆಯ ಮಡಿಯನ್ನೆಲ್ಲ ಒಂದೇ ತುತ್ತಿಗೆ ಮರೆತು, ಕಣ್ಣು ಅರೆಮುಚ್ಚಿ ಅದು ತಿನ್ನುತ್ತಿತ್ತು. ನಾನು ಇಷ್ಟು ತಿಂಗಳಲ್ಲಿ ನೋಡದ ನೆಮ್ಮದಿ ಆ ಮುಖದಲ್ಲಿತ್ತು.

"ಆಂಟಿ, ಮರಿ ತಗೊಳ್ಳದಿದ್ರೂ ಪರವಾಗಿಲ್ಲ, ಸ್ವೀಟೀನ ಬಿಟ್ಟೋಗಿ. ಇಲ್ಲಿ ಮೆಟ್ಲೂ ಇಲ್ಲ. ಚೆನ್ನಾಗಿ ನೋಡ್ಕೋತೀನಿ" ಎಂದಳು ಕವಿತಾ. ಸೆಲ್ವಿ ಅಕ್ಕನೂ, "ನಿಮಗೂ ಸಾಕಾಗಿದೆ ಅಂತೀರಲ್ಲ ಟೀಚರ್, ಬಿಡಿ, ಕೈ ಸುಧಾರಿಸಲಿ" ಎಂದಳು. ಇಬ್ಬರ ಮಾತೂ ನ್ಯಾಯವಾಗಿತ್ತು. ದೂರಿದ್ದೆಲ್ಲ ನಾನೇ. ಸರಿ ಎಂದು ಹೇಳಿ ಖಾಲಿ ಬ್ಯಾಗು ಮಡಚಿಕೊಂಡೆ. ಕುಂಡಗಳು ಉಳಿದವು, ಭುಜ ಉಳಿಯಿತು, ಮರ್ಯಾದೆ ಉಳಿಯಿತು ಎಂದುಕೊಂಡು ಚಪ್ಪಲಿ ಮೆಟ್ಟಿದೆ. "ಬರ್ತೀನಿ ಸ್ವೀಟಿ" ಎಂದೆ. ಅದು ತಲೆ ಎತ್ತಲಿಲ್ಲ. ಇನ್ನೊಂದು ಚೂರು ಕೋಳಿ ಬರುವುದಿತ್ತು.

ಗೇಟಿನವರೆಗೆ ಹೋದೆ. ಚಿಲಕ ತೆಗೆದೆ. ತಿರುಗಿ ನೋಡಿದೆ, ಇಲ್ಲ, ಅದು ನೋಡುತ್ತಿರಲಿಲ್ಲ. ಚಿಲಕ ಹಾಕಿ ವಾಪಸು ಬಂದೆ.

"ಕವಿತಾ, ಅದನ್ನ ಕೊಡಮ್ಮ."

"ನಿಮಗೆ ಇಷ್ಟ ಇಲ್ಲ ಅಂದ್ರಲ್ಲ ಆಂಟಿ?"

"ಇಷ್ಟ ಇಲ್ಲ. ಆದ್ರೂ ಕೊಡು."

ಪಾಪ, ಹುಡುಗಿಯ ಮುಖ ಸಣ್ಣದಾಯಿತು. ಸ್ವೀಟಿಯ ಮುಖ ಇನ್ನೂ ಸಣ್ಣದಾಯಿತು. ಎತ್ತಿಕೊಂಡಾಗ ಗುರ್ ಎಂದಿತು, ಬಸ್‌ಸ್ಟಾಪಿನವರೆಗೂ ನನ್ನ ಹೆಗಲ ಮೇಲಿಂದ ಆ ಮನೆಯ ಕಡೆಗೇ ಮೂತಿ ಮಾಡಿ ಕುಂಯ್‌ಗುಟ್ಟಿತು. ನನ್ನ ದೊಡ್ಡ ನಾಯಿಗಳು ನನ್ನನ್ನು ಬೇಕು ಎಂದು ಬಾಯಿಬಿಟ್ಟು ಕೇಳುವ ಸ್ಥಿತಿಗೆ ಎಂದೂ ತಂದಿರಲಿಲ್ಲ. ಗೇಟು ಸದ್ದಾದರೆ ಅವೇ ಓಡಿ ಬರುತ್ತಿದ್ದವು, ಬೇಕಾದವಳಾಗಿ ನಿಲ್ಲುವುದಷ್ಟೇ ನನ್ನ ಕೆಲಸವಾಗಿತ್ತು. ಈ ಗೇಣೆತ್ತರದ ಪ್ರಾಣಿಗೆ ನಾನು ಬೇಕಾಗಿರಲಿಲ್ಲ, ನನಗೇ ಅದು ಬೇಕಾಗಿತ್ತು. ಈ ವಯಸ್ಸಿನಲ್ಲಿ ಹೀಗೂ ಆಗುತ್ತದೆ ಎಂದು ಯಾರಾದರೂ ಮೊದಲೇ ಹೇಳಬಾರದಿತ್ತೇ?